ಬೇಸ್‌ಬಾಲ್ ಕ್ಯಾಚರ್ ಆಗಬೇಕಾ? ಪಾದದಿಂದ ಶುರು ಮಾಡಿ

ಚೆಂಡು ಎಸೆಯುವವ ಪಿಚರ್, ಬ್ಯಾಟರ್ ಹಿಂದೆ ಕೂತು ಅದನ್ನು ಹಿಡಿಯುವವ ಕ್ಯಾಚರ್. ಅಮೆರಿಕದಲ್ಲಿ ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಮೂರು ವರ್ಷ ಮುಗಿಯಬೇಕು, ಇಲ್ಲವೇ 21 ತುಂಬಬೇಕು. ಆಮೇಲೇ ಡ್ರಾಫ್ಟ್, ಅಂದರೆ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವುದು. ನಾನು ಜೂನಿಯರ್ ಕಾಲೇಜು (ಅಲ್ಲಿನ ಎರಡು ವರ್ಷದ ಕಾಲೇಜು) ಹಿಡಿದೆ. ಅಲ್ಲಿ ಅಷ್ಟು ಕಾಯಬೇಕಿಲ್ಲ, ಆಡಲು ಅವಕಾಶವೂ ಜಾಸ್ತಿ ಸಿಕ್ಕಿತು.

ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ಕೈಯಲ್ಲಿ ಸ್ಟಾಪ್‌ವಾಚ್ ಇರುತ್ತದೆ. ಚೆಂಡು ನಿಮ್ಮ ಗ್ಲೌಸಿಗೆ ಬಿದ್ದು, ಅಲ್ಲಿಂದ ನೀವು ಎಸೆದು ಸೆಕೆಂಡ್ ಬೇಸ್ ತಲುಪಲು 2 ಸೆಕೆಂಡ್ ಆಸುಪಾಸು ಸಾಕಾಗಬೇಕು; ಆಗಲೇ ಅಲ್ಲಿಗೆ ಓಡುವ ಎದುರಾಳಿ ಔಟ್. ಸುಮ್ನೆ ತೋಳನ್ನಷ್ಟೇ ಬಲ ಮಾಡಬೇಡಿ. ನನ್ನ ಸಮಯ ಇಳಿದದ್ದು ಪಾದ ಬೇಗ ತಿರುಗಿಸಲು ಕಲಿತ ಮೇಲೆ. ಹೆಸರಾಂತ ಕ್ಯಾಚರ್ ಆಗಿದ್ದ ಬಸ್ಟರ್ ಪೋಸಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದಾಗ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವಿನ ಫೀಲ್ಡರ್) ಆಗಿದ್ದರು, ಗೊತ್ತಾ? ಕ್ಯಾಚಿಂಗ್ ಶುರುವಾದದ್ದು ಅಲ್ಲೇ. 2008ರ ಡ್ರಾಫ್ಟ್‌ನಲ್ಲಿ ಐದನೆಯವರಾಗಿ ಆಯ್ಕೆಯಾದರು.

ಆಯ್ಕೆಯಾದ ಮೇಲೆ ಮೇಜರ್ ಲೀಗ್‌ಗೆ ಕೆಳಗಿನ ಮೈನರ್ ಲೀಗ್. ಅಲ್ಲಿ ಸಿಂಗಲ್-ಎ ಇಂದ ಟ್ರಿಪಲ್-ಎ ವರೆಗೆ (ನಡುವೆ ಹೈ-ಎ, ಡಬಲ್-ಎ) ನಾಲ್ಕು ಮೆಟ್ಟಿಲು. ಹೋಗುವ ಮೊದಲೇ ಸ್ವಲ್ಪ ಸ್ಪ್ಯಾನಿಷ್ ಕಲಿಯಿರಿ. ನನ್ನ ಪಿಚರ್‌ಗಳಲ್ಲಿ ಹಲವರು ಡೊಮಿನಿಕನ್ ರಿಪಬ್ಲಿಕ್‌ನವರು. ಒಬ್ಬೊಬ್ಬ ಪಿಚರ್‌ಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಡಿ. ರಾತ್ರಿ ಬಸ್ಸಿನಲ್ಲೇ ತುಂಬಿಸಿ, ಹೇಗಿದ್ದರೂ ನಿದ್ದೆ ಬರಲ್ಲ.