ಅಲಾಸ್ಕಾ ಕ್ರೂಸ್: ಯಾವ ಊರಲ್ಲಿ ಹಡಗಿನ ಟೂರ್, ಯಾವ ಊರಲ್ಲಿ ನಮ್ಮದೇ ದಾರಿ

ಸಿಯಾಟಲ್‌ನಿಂದ ಹೊರಟು ಅಲಾಸ್ಕಾ ಸುತ್ತಿಸಿ ವಾರದಲ್ಲಿ ವಾಪಸ್ ತಂದುಬಿಡುವ ಕ್ರೂಸ್ ಇದೆಯಲ್ಲ, ಊರಿಂದ ಅಪ್ಪ-ಅಮ್ಮ ಬಂದಾಗ ಇಲ್ಲಿನ ಕನ್ನಡದವರು ತುಂಬಾ ಜನ ಹೋಗುವುದು ಅದಕ್ಕೇ. ದಿನಾ ಹೋಟೆಲ್ ಬದಲಾಯಿಸಬೇಕಾಗಿಲ್ಲ, ಸುಸ್ತಾದರೆ ರೂಮಿಗೆ ಹೋಗಿ ಮಲಗಬಹುದು. ನಾವೂ ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪ-ಅಮ್ಮನನ್ನು ಕರ್ಕೊಂಡು, ಮಗಳ ಶಾಲೆಯ ರಜೆ ನೋಡಿಕೊಂಡು, ಜುಲೈಯಲ್ಲಿ ಹೋಗಿ ಬಂದೆವು. ಹಡಗು ಬುಕ್ ಮಾಡುವುದು ಸುಲಭ. ತಲೆ ಕೆಡುವುದು ಆಮೇಲೆ, ಹಡಗು ನಿಲ್ಲುವ ಒಂದೊಂದು ಊರಲ್ಲೂ ಏನು ನೋಡುವುದು, ಯಾರ ಜೊತೆ ಹೋಗುವುದು ಅಂತ ಕೂತಾಗ. ನಮ್ಮ ಹಡಗು ನಿಂತಿದ್ದು ಜೂನೊ, ಸ್ಕ್ಯಾಗ್‌ವೇ, ಕೆಚಿಕಾನ್, ಕೊನೆಗೆ ಕೆನಡಾದ ವಿಕ್ಟೋರಿಯಾ.

ಊರು ಸುತ್ತುವ ಟೂರನ್ನು ಹಡಗಿನ ಕಂಪನಿಯಿಂದಲೂ ತಗೋಬಹುದು, ಆ ಊರಿನವರ ಹತ್ತಿರ ನಾವೇ ನೇರವಾಗಿಯೂ ಬುಕ್ ಮಾಡಬಹುದು. ಗೊತ್ತಿದ್ದವರನ್ನು ಕೇಳಿದರೆ ಎರಡೇ ಥರದ ಮಾತು. ಒಬ್ಬರು "ಹಡಗಿನವರ ಟೂರ್ ಸುಮ್ನೆ ದುಡ್ಡು ದಂಡ" ಅಂತಾರೆ. ಇನ್ನೊಬ್ಬರು "ಹೊರಗಿನದು ಬೇಡ, ಹಡಗು ಬಿಟ್ಟು ಹೋದ್ರೆ ಏನ್ಮಾಡ್ತೀರಿ" ಅಂತ ಹೆದರಿಸುತ್ತಾರೆ. ಇಡೀ ಪ್ರವಾಸಕ್ಕೆ ಒಂದೇ ತೀರ್ಮಾನ ಮಾಡಲು ಹೋದರೆ ಎರಡೂ ಮಾತು ಕಾಡುತ್ತವೆ. ಹಾಗಾಗಿ ನಾನು ಒಂದೊಂದು ಊರನ್ನೂ ಬೇರೆ ಬೇರೆಯಾಗಿ ನೋಡಿದೆ. ಪ್ರತಿ ಊರಿಗೂ ಕೇಳಿಕೊಂಡಿದ್ದು ಇಷ್ಟೇ: ದಾರಿಯಲ್ಲಿ ಏನೋ ಕೆಟ್ಟು ತಡವಾದರೆ, ಹಡಗಿಗೆ ವಾಪಸ್ ಬರಲು ಇನ್ನೊಂದು ದಾರಿ ಇದೆಯಾ? ಇದ್ದರೆ ನಮ್ಮ ಪಾಡಿಗೆ ನಾವು ಹೋಗಬಹುದು. ಇಲ್ಲದಿದ್ದರೆ ಹಡಗಿನ ಟೂರ್‌ಗೆ ಕೊಡುವ ಜಾಸ್ತಿ ದುಡ್ಡಿಗೆ ಅರ್ಥ ಇದೆ.

ಆ ಜಾಸ್ತಿ ದುಡ್ಡಿಗೆ ನಿಜವಾಗಿ ಏನು ಸಿಗುತ್ತದೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಹಡಗಿನ ಕಂಪನಿ ಮಾರುವ ಟೂರನ್ನು ನಡೆಸುವವರು ಬಹುಪಾಲು ಆ ಊರಿನವರೇ. ಅದೇ ಬಸ್ಸು, ಅದೇ ದೋಣಿ, ಅದೇ ತಿಮಿಂಗಿಲ. ವ್ಯತ್ಯಾಸ ಇರುವುದು ತಡವಾದಾಗ. ಹಡಗಿನ ಟೂರ್ ತಡವಾದರೆ ಹಡಗು ಕಾಯುತ್ತದೆ, ಕಾಯಲು ಆಗದಿದ್ದರೆ ಮುಂದಿನ ಬಂದರಿಗೆ ನಮ್ಮನ್ನು ತಲುಪಿಸುವ ಹೊಣೆ ಅವರದ್ದು. ಹವಾಮಾನ ಕೆಟ್ಟು ಹಡಗು ಆ ಊರಿಗೇ ಹೋಗದಿದ್ದರೆ ನಾವು ಕೇಳದೆಯೇ ದುಡ್ಡು ವಾಪಸ್ ಬರುತ್ತದೆ. ನಾವೇ ಮಾಡಿಕೊಂಡ ಟೂರ್ ತಡವಾದರೆ ಯಾರೂ ಕಾಯಲ್ಲ, ಮುಂದಿನ ಊರಿಗೆ ಹೋಗುವ ಖರ್ಚು ನಮ್ಮದೇ. ಜೂನೊದಲ್ಲಿ ಇದು ದೊಡ್ಡ ಮಾತು. ಅದು ಅಲಾಸ್ಕಾದ ರಾಜಧಾನಿ, ಆದರೂ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ವಿಮಾನ ಇಲ್ಲವೇ ದೋಣಿ, ಅಷ್ಟೇ.

ಆದರೂ ಜೂನೊದಲ್ಲಿ ನಾವು ಹೊರಗಿನ ಟೂರ್ ಮಾಡಿದೆವು. ಊರಿಂದ ಹೊರಗೆ ಹೋಗಲು ರಸ್ತೆ ಇಲ್ಲದಿದ್ದರೂ ಊರೊಳಗೆ ಓಡಾಡಲು ಬೇಕಾದಷ್ಟು ದಾರಿ ಇದೆ. ತಿಮಿಂಗಿಲ ನೋಡುವ ದೋಣಿಗಳು ಹೊರಡುವುದು ಆಕ್ ಬೇ ಅನ್ನುವ ಕಡೆಯಿಂದ, ಹಡಗು ನಿಲ್ಲುವ ಜಾಗದಿಂದ ಸುಮಾರು 12 ಮೈಲಿ. ಮೆಂಡನ್‌ಹಾಲ್ ಹಿಮನದಿಯೂ ಹೆಚ್ಚು ಕಡಿಮೆ ಅಷ್ಟೇ ದೂರ. ಟೂರ್‌ನವರ ವ್ಯಾನ್ ಕೆಟ್ಟರೆ ಟ್ಯಾಕ್ಸಿ ಇದೆ, ಊಬರ್ ಇದೆ, ಊರಿನ ಬಸ್ಸೂ ಇದೆ. ನಾವು ದೋಣಿ ಇಳಿದ ಮೇಲೂ ಹಡಗು ಹತ್ತಲು ಮೂರು ಗಂಟೆ ಉಳಿಯುವ ಹಾಗೆ ಬೆಳಗಿನ ದೋಣಿ ಹಿಡಿದೆವು.

ದೋಣಿ ಆರಿಸುವಾಗ ಬೆಲೆಗಿಂತ ಮೊದಲು ನೋಡಬೇಕಾದ ವಿಷಯ ಒಂದಿದೆ, ಅದನ್ನು ಹಿಡಿದವರು ಅಮ್ಮ. ನಾನು ಆರೇ ಜನ ಕೂರುವ ಚಿಕ್ಕ ದೋಣಿಯ ಫೋಟೋ ತೋರಿಸಿ, ಬರೀ ನಾವೇ ಹೋಗಬಹುದು, ಎಷ್ಟು ಚೆನ್ನಾಗಿದೆ ಅಲ್ವಾ ಅಂದೆ. ಅಮ್ಮ ಫೋಟೋ ನೋಡಿ ಕೇಳಿದ್ದು ಒಂದೇ: "ಅದರಲ್ಲಿ ಬಾತ್‌ರೂಮ್ ಇದ್ಯೇನೇ?" ಆರು ಜನರ ದೋಣಿಗಳಲ್ಲಿ ಕೆಲವಕ್ಕೆ ಇರುತ್ತದೆ, ಕೆಲವಕ್ಕೆ ಪರದೆ ಎಳೆದುಕೊಳ್ಳುವ ಒಂದು ಮೂಲೆ ಅಷ್ಟೇ. ಚಳಿಯಲ್ಲಿ, ಶುಗರ್ ಮಾತ್ರೆ ತಗೊಳ್ಳುವ ವಯಸ್ಸಿನವರನ್ನು ಮೂರು ಗಂಟೆ ಹಾಗೆ ಕೂರಿಸಲು ಆಗಲ್ಲ. ಹಡಗಿನವರು ತೋರಿಸಿದ್ದು ನೂರರ ಹತ್ತಿರ ಜನ ಹಿಡಿಯುವ ದೊಡ್ಡ ದೋಣಿ. ಅದರಲ್ಲಿ ಬಾತ್‌ರೂಮ್ ಇದೆ, ಆದರೆ ತಿಮಿಂಗಿಲ ಎಡಗಡೆ ಕಂಡರೆ ಎಲ್ಲರೂ ಎಡಗಡೆಗೆ ನುಗ್ಗುತ್ತಾರೆ, ಅಪ್ಪ-ಅಮ್ಮ ಹಿಂದೆ ಉಳಿಯುತ್ತಾರೆ. ಕೊನೆಗೆ ನಾನು ಹುಡುಕಿದ್ದು ನಡುವಿನದ್ದು. ಇಪ್ಪತ್ತರ ಒಳಗೆ ಜನ, ಬಿಸಿ ಇರುವ ಕ್ಯಾಬಿನ್, ಬಾಗಿಲು ಹಾಕಿಕೊಳ್ಳುವಂಥ ಬಾತ್‌ರೂಮ್. ಇಂಥದ್ದು ನಮ್ಮ ಹಡಗಿನ ಪಟ್ಟಿಯಲ್ಲಿ ಇರಲೇ ಇಲ್ಲ, ಊರಿನವರ ಹತ್ತಿರ ನೇರ ಬುಕ್ ಮಾಡಿದ್ದರಿಂದ ಸಿಕ್ಕಿತು. ಹೊರಗಿನ ಟೂರ್ ಮಾಡುವುದಕ್ಕೆ ನನ್ನ ಪ್ರಕಾರ ದೊಡ್ಡ ಕಾರಣವೇ ಇದು. ದುಡ್ಡು ಉಳಿಯುತ್ತದೆ, ನಿಜ. ಅದಕ್ಕಿಂತ ನಮ್ಮ ಮನೆಯವರಿಗೆ ಹೊಂದುವಂಥದ್ದನ್ನು ಹುಡುಕಿಕೊಳ್ಳಬಹುದು.

ಅಲಾಸ್ಕಾದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲದಿಂದ ದೋಣಿಗಳು 100 ಗಜ ದೂರ ಇರಬೇಕು ಅಂತ ಕಾನೂನಿದೆ. ನಮ್ಮ ಕ್ಯಾಪ್ಟನ್ ಅದಕ್ಕಿಂತಲೂ ದೂರದಲ್ಲೇ ನಿಲ್ಲಿಸಿ ಕಾಯಿರಿ ಅಂದರು. ಕಣ್ಣಿಗೆ ಏನೂ ಕಾಣುವ ಮೊದಲು ಸದ್ದು ಬಂತು, ಕುಕ್ಕರಿನ ಪ್ರೆಷರ್ ಬಿಟ್ಟ ಹಾಗೆ. ಆಮೇಲೆ ನೀರಿನ ಮೇಲೆ ಬಿಳಿ ಹಬೆ, ಕಪ್ಪು ಬೆನ್ನು, ಕೊನೆಗೆ ಬಾಲ ಎತ್ತಿ ಒಳಗೆ ಮುಳುಗಿತು. ಅಪ್ಪ ಕ್ಯಾಬಿನ್ ಬಾಗಿಲಲ್ಲೇ ಕಂಬಿ ಹಿಡಿದು ನಿಂತು ಆರಾಮವಾಗಿ ನೋಡಿದರು. ಪಕ್ಕದಲ್ಲಿ ನುಗ್ಗುವವರು ಯಾರೂ ಇರಲಿಲ್ಲ.

ಹಿಮನದಿಯ ವಿಷಯ ಸ್ವಲ್ಪ ಬೇರೆ. ಊರಿನ ಬಸ್ಸು ಕಡಿಮೆ ದುಡ್ಡಿಗೆ ಬಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದು ನಿಲ್ಲುವ ಕಡೆಯಿಂದ ಹಿಮನದಿ ನೋಡಲು ಬರುವವರ ಕೇಂದ್ರಕ್ಕೆ ಸುಮಾರು ಒಂದೂವರೆ ಮೈಲಿ ನಡೆಯಬೇಕು. ನನ್ನ ಮಗಳು ನಡೆಯುತ್ತಾಳೆ, ಅಮ್ಮನ ಮಂಡಿ ನಡೆಯಲ್ಲ. ಬಂದರಿನಿಂದ ನೇರ ಬಾಗಿಲಿಗೆ ಹೋಗುವ ಶಟಲ್ ಬಸ್ಸುಗಳು ಇವೆ, ಆದರೆ ಅವುಗಳಿಗೆ ಪರವಾನಗಿ ಲೆಕ್ಕದ್ದು. ಬೇಸಿಗೆಯಲ್ಲಿ ಒಂದೇ ದಿನ ಐದು ದೊಡ್ಡ ಹಡಗು ನಿಂತಿರುತ್ತವೆ (ಅದಕ್ಕಿಂತ ಹೆಚ್ಚು ಬೇಡ ಅಂತ ಊರಿನವರು 2024ರಿಂದ ಮಿತಿ ಹಾಕಿಸಿದ್ದಾರೆ), ಅಲ್ಲೇ ಹೋಗಿ ತಗೊಂಡರಾಯ್ತು ಅಂದರೆ ಟಿಕೆಟ್ ಸಿಗದೇ ಹೋಗಬಹುದು. ನಾವು ತಿಮಿಂಗಿಲದ ಟೂರ್ ಜೊತೆಗೇ ಹಿಮನದಿಯೂ ಸೇರಿದ್ದನ್ನು ತಗೊಂಡೆವು. ಅಪ್ಪ-ಅಮ್ಮ ಫೋಟೋ ತೆಗೆಯುವ ಜಾಗದವರೆಗಿನ ಸಪಾಟು ದಾರಿಯಲ್ಲಿ ಹೋಗಿ ಬೆಂಚಿನ ಮೇಲೆ ಕೂತರು, ನಾನು-ಮಗಳು ನಗೆಟ್ ಜಲಪಾತದ ಬುಡದವರೆಗೆ ಹೋಗಿ ಬಂದೆವು. ಮಲೆನಾಡಿನವರಿಗೆ ಜಲಪಾತ ಹೊಸದಲ್ಲ, ಪಕ್ಕದಲ್ಲಿ ನೀಲಿ ಮಂಜುಗಡ್ಡೆಯ ಗೋಡೆ ಇರುವುದು ಹೊಸದು.

ಸ್ಕ್ಯಾಗ್‌ವೇಯಲ್ಲಿ ಹಡಗಿನ ಟೂರನ್ನೇ ತಗೊಂಡೆವು. ಅಲ್ಲಿ ಎಲ್ಲರೂ ಹೋಗುವುದು ವೈಟ್ ಪಾಸ್ ರೈಲಿಗೆ. ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿದ ಸುದ್ದಿ ಕೇಳಿ ಜನ ನುಗ್ಗಿದ ಕಾಲದಲ್ಲಿ, 1898ರಲ್ಲಿ ಶುರು ಮಾಡಿ 1900ರಲ್ಲಿ ಮುಗಿಸಿದ ಹಳಿ ಅದು. ಸಮುದ್ರದ ಮಟ್ಟದಿಂದ 20 ಮೈಲಿಯಲ್ಲಿ 2,865 ಅಡಿ ಹತ್ತುತ್ತದೆ. ಹಳಿಯ ಅಗಲ ಮೂರೇ ಅಡಿ. ಶಿವಮೊಗ್ಗ-ತಾಳಗುಪ್ಪದ ಹಳೇ ಮೀಟರ್ ಗೇಜ್ ರೈಲಿನಲ್ಲಿ ಓಡಾಡಿದ ಅಪ್ಪ, ಇದು ಅದಕ್ಕಿಂತಲೂ ಚಿಕ್ಕದು ಅಂತ ಹತ್ತುವ ಮೊದಲೇ ಬಗ್ಗಿ ನೋಡಿ ಹೇಳಿದರು. ಟಿಕೆಟನ್ನು ರೈಲಿನವರ ಹತ್ತಿರ ನೇರವಾಗಿಯೂ ತಗೋಬಹುದು. ಸ್ವಲ್ಪ ಕಡಿಮೆಗೆ ಸಿಗುತ್ತಿತ್ತು. ಆದರೆ ಇದು ಒಂಟಿ ಹಳಿ, ಮೇಲೆ ಒಂದು ರೈಲು ನಿಂತರೆ ಹಿಂದಿನದ್ದೂ ನಿಲ್ಲುತ್ತದೆ, ನಡುವೆ ಇಳಿದು ಟ್ಯಾಕ್ಸಿ ಹಿಡಿಯುವ ಮಾತೇ ಇಲ್ಲ. ಇನ್ನೊಂದು ದಾರಿ ಇಲ್ಲದ ಜಾಗ ಅಂದರೆ ಇದೇ. ಜೊತೆಗೆ ಹಡಗಿನ ಮೂಲಕ ತಗೊಂಡವರಿಗೆ ರೈಲು ನಮ್ಮ ಹಡಗು ನಿಂತ ಕಟ್ಟೆಯ ಪಕ್ಕಕ್ಕೇ ಬಂತು, ಅಮ್ಮ ಹೆಚ್ಚು ನಡೆಯಲೇ ಇಲ್ಲ.

ಹತ್ತುವಾಗ ಎಡಗಡೆಯ ಸೀಟು ಹಿಡಿಯಿರಿ, ಕಣಿವೆ ಆ ಕಡೆಯೇ. ತುದಿಯಲ್ಲಿ ಎಂಜಿನ್ನನ್ನು ಇನ್ನೊಂದು ಕೊನೆಗೆ ಜೋಡಿಸುವಾಗ ಎಲ್ಲರನ್ನೂ ಎಬ್ಬಿಸಿ, ಸೀಟಿನ ಬೆನ್ನನ್ನು ತಿರುಗಿಸಿ, ಆ ಕಡೆಯವರನ್ನು ಈ ಕಡೆಗೆ ಕೂರಿಸುತ್ತಾರೆ. ಹಾಗಾಗಿ ಬಲಗಡೆ ಸಿಕ್ಕಿದರೂ ಬೇಜಾರು ಬೇಡ. ಚಿನ್ನದ ಆಸೆಗೆ ಬಂದವರ ಸಾಮಾನು ಹೊತ್ತು ಮೂರು ಸಾವಿರದಷ್ಟು ಕುದುರೆಗಳು ಸತ್ತ ಕಮರಿಯನ್ನೂ ರೈಲಿನಿಂದ ತೋರಿಸುತ್ತಾರೆ. ಅದನ್ನು ಕೇಳಿ ಅಮ್ಮನಿಗೆ ತುಂಬಾ ಸಂಕಟವಾಯಿತು.

ಸ್ಕ್ಯಾಗ್‌ವೇಯಿಂದ ರಸ್ತೆಯಲ್ಲಿ ಯೂಕಾನ್ ಕಡೆ, ಎಮರಾಲ್ಡ್ ಕೆರೆವರೆಗೆ ಕರ್ಕೊಂಡು ಹೋಗುವ ಹೊರಗಿನ ಟೂರ್‌ಗಳು ಬಹಳ. ನೋಡಲು ಚಂದ, ಬೆಲೆಯೂ ಪರವಾಗಿಲ್ಲ. ಆದರೆ ಅದು ಕೆನಡಾ. ಅಪ್ಪ-ಅಮ್ಮನ ಹಾಗೆ ಭಾರತದ ಪಾಸ್‌ಪೋರ್ಟ್ ಇದ್ದು ಅಮೆರಿಕದ ಗ್ರೀನ್ ಕಾರ್ಡ್ ಇಲ್ಲದವರಿಗೆ ಕೆನಡಾ ವೀಸಾ ಬೇಕು. ವಿಕ್ಟೋರಿಯಾದಲ್ಲಿ ಹಡಗು ನಿಲ್ಲುವುದರಿಂದ ವೀಸಾ ಹೇಗೂ ಮಾಡಿಸಲೇಬೇಕು, ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹಡಗು ಹತ್ತಿಸಲ್ಲ. ಯೂಕಾನ್‌ಗೂ ಹೋಗುವುದಾದರೆ ಅದು ಎರಡು ಸಲ ಕೆನಡಾದೊಳಗೆ ಹೋದ ಹಾಗೆ, ವೀಸಾ ಮಲ್ಟಿಪಲ್ ಎಂಟ್ರಿಯದ್ದಾ ಅಂತ ನೋಡಿಕೊಳ್ಳಿ. ಗಡಿಯಲ್ಲಿ ಕ್ಯೂ ಎಷ್ಟು ಹೊತ್ತು ಅನ್ನೋದು ಯಾರ ಕೈಯಲ್ಲೂ ಇಲ್ಲ, ವಾಪಸ್ ಬರಲು ರಸ್ತೆಯೂ ಅದೊಂದೇ. ವಯಸ್ಸಾದವರನ್ನು ಕರ್ಕೊಂಡು ಹೊರಗಿನ ವ್ಯಾನಿನಲ್ಲಿ ಅಷ್ಟು ದೂರ ಹೋಗಲು ನನಗೆ ಧೈರ್ಯ ಬರಲಿಲ್ಲ. ತುದಿಯವರೆಗೆ ಹೋಗಿ ವಾಪಸ್ ಬರುವ ರೈಲಿನಲ್ಲಿ ಯಾರನ್ನೂ ಇಳಿಸುವುದಿಲ್ಲ, ಹಾಗಾಗಿ ಗಡಿಯ ತಪಾಸಣೆಯೂ ಇಲ್ಲ.

ಕೆಚಿಕಾನ್‌ನಲ್ಲಿ ಯಾವ ಟೂರೂ ಬೇಡ ಅಂತ ನಿಶ್ಚಯಿಸಿದ್ದೆವು. ಹಡಗು ನಿಂತಿದ್ದೇ ಅರ್ಧ ದಿನ. ಹಡಗಿನ ಟೂರ್ ಅಂದರೆ ಥಿಯೇಟರಿನಲ್ಲಿ ಸೇರಿ, ಎದೆಗೆ ನಂಬರ್ ಸ್ಟಿಕ್ಕರ್ ಅಂಟಿಸಿಕೊಂಡು, ನಮ್ಮ ನಂಬರ್ ಕರೆಯುವವರೆಗೆ ಕೂತಿರಬೇಕು. ಅರ್ಧ ದಿನದಲ್ಲಿ ಅಷ್ಟು ಹೊತ್ತು ಕಳೆಯುವುದು ನ್ಯಾಯ ಅಲ್ಲ. ಊರಿನ ಬಸ್ಸು ಹಿಡಿದು 10 ಮೈಲಿ ದೂರದ ಟೋಟೆಮ್ ಬೈಟ್ ಪಾರ್ಕಿಗೆ ಮೊದಲು ಹೋದೆವು. ಸೀಡರ್ ಮರದ ಎತ್ತರದ ಕಂಬಗಳಲ್ಲಿ ಕಾಗೆ, ಹದ್ದು, ಕರಡಿ ಕೆತ್ತಿರುತ್ತಾರೆ. ಅಲ್ಲಿನ ಮೂಲನಿವಾಸಿಗಳ ಒಂದು ಕುಲದವರೆಲ್ಲ ಸೇರಿ ಇರುತ್ತಿದ್ದಂಥ ಮರದ ಮನೆಯೂ ಇದೆ, ಅದರ ಬಾಗಿಲು ಎಷ್ಟು ಚಿಕ್ಕದು ಅಂದರೆ ಬಗ್ಗಿಯೇ ಒಳಗೆ ಹೋಗಬೇಕು. ವಾಪಸ್ ಬಂದು ಕೊನೆಗೆ ಹಳ್ಳದ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಹಳೇ ಬೀದಿ ಕ್ರೀಕ್ ಸ್ಟ್ರೀಟ್, ಅದು ಹಡಗಿನಿಂದ ನಡೆದು ಹೋಗುವಷ್ಟು ಹತ್ತಿರ. ನಮ್ಮ ಪಾಡಿಗೆ ನಾವು ಹೋಗುವಾಗ ದೂರದ್ದನ್ನು ಮೊದಲು ಮುಗಿಸಿ ಹತ್ತಿರದ್ದನ್ನು ಕೊನೆಗಿಟ್ಟುಕೊಂಡರೆ ಎದೆ ಹೊಡೆದುಕೊಳ್ಳಲ್ಲ. ಒಂದು ಎಚ್ಚರ: ಕೆಲವು ಹಡಗುಗಳು ಊರೊಳಗೆ ನಿಲ್ಲದೆ ವಾರ್ಡ್ ಕೋವ್ ಅನ್ನುವ ಕಡೆ ನಿಲ್ಲುತ್ತವೆ, ಅಲ್ಲಿಂದ ಊರಿಗೆ ಬಸ್ಸಿನಲ್ಲಿ ಬರಬೇಕು, ಹಾಗಾದರೆ ಈ ಲೆಕ್ಕ ಬದಲಾಗುತ್ತದೆ. ಮಳೆಗೆ ಹೆದರಬೇಡಿ. ಕೆಚಿಕಾನ್‌ನವರು ತಮ್ಮ ಮಳೆಯನ್ನು ದೊಡ್ಡದಾಗಿ ಹೇಳಿಕೊಳ್ಳುತ್ತಾರೆ, ವರ್ಷದ ಲೆಕ್ಕದಲ್ಲಿ ಅದು ಆಗುಂಬೆಯ ಅರ್ಧದಷ್ಟು. ಅಪ್ಪ ಕೊಡೆ ಬಿಚ್ಚಿ ನಡೆದೇಬಿಟ್ಟರು.

ವಿಕ್ಟೋರಿಯಾದಲ್ಲಿ ಹಡಗು ನಿಲ್ಲುವುದೇ ಕಾನೂನಿಗೋಸ್ಕರ. ಬೇರೆ ದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದಿಂದ ಹೊರಟು ಅಮೆರಿಕಕ್ಕೇ ಸುತ್ತಿ ಬರುವಾಗ ನಡುವೆ ಒಂದು ಹೊರದೇಶದ ಬಂದರು ಮುಟ್ಟಬೇಕು, 1886ರ ಕಾಯ್ದೆ. ಸಂಜೆ ಬಂದು ರಾತ್ರಿ ಹೊರಡುತ್ತದೆ. ಬುಚಾರ್ಟ್ ಗಾರ್ಡನ್ 20 ಕಿಲೋಮೀಟರ್‌ಗೂ ದೂರ, ಹೋಗಲೇಬೇಕು ಅಂದರೆ ಹಡಗಿನ ಬಸ್ಸೇ ವಾಸಿ. ನಾವು ಟ್ಯಾಕ್ಸಿಯಲ್ಲಿ ಒಳ ಬಂದರಿನವರೆಗೆ ಹೋಗಿ, ದೀಪ ಹಾಕಿದ ಶಾಸನಸಭೆಯ ಕಟ್ಟಡ ನೋಡಿ ಬಂದೆವು.

ಹೊರಗಿನವರ ಹತ್ತಿರ ಬುಕ್ ಮಾಡುವ ಮೊದಲು ನಾನು ಇಮೇಲ್‌ನಲ್ಲಿ ಕೇಳಿ ಉತ್ತರ ಬರೆಸಿಕೊಂಡ ವಿಷಯಗಳು ಕೆಲವು. ಹಡಗು ಬರದೇ ಹೋದರೆ ಪೂರ್ತಿ ದುಡ್ಡು ವಾಪಸ್ ಕೊಡುತ್ತೀರಾ? ವ್ಯಾನ್ ಹತ್ತಿಸುವುದು ಎಲ್ಲಿಂದ? (ಜೂನೊದಲ್ಲಿ ಹಡಗು ಯಾವ ಕಟ್ಟೆಯಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ ಒಂದು ಮೈಲಿ ನಡಿಗೆ ಹೆಚ್ಚು ಕಡಿಮೆ ಆಗುತ್ತದೆ.) ಹತ್ತಲು ಮೆಟ್ಟಿಲು ಎಷ್ಟು? ಹಡಗು ಹೊರಡುವ ಸಮಯದ ಬದಲು ಎಲ್ಲರೂ ಒಳಗಿರಬೇಕಾದ ಸಮಯವನ್ನೇ ಅವರಿಗೆ ಹೇಳಿ, ಸಾಮಾನ್ಯವಾಗಿ ಅದು ಅರ್ಧ ಗಂಟೆ ಮೊದಲಿರುತ್ತದೆ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನ್ ತಾನೇ ಬದಲಾಯಿಸಿಕೊಳ್ಳುತ್ತದೆ, ಅಪ್ಪನ ಕೈಗಡಿಯಾರ ಬದಲಾಯಿಸಲ್ಲ. ಹಡಗಿನ ಗಡಿಯಾರದ ಜೊತೆ ಎರಡನ್ನೂ ಹೊಂದಿಸಿಕೊಳ್ಳಿ. ನಮ್ಮದೇ ಟೂರ್ ಇರುವ ದಿನ ಅಪ್ಪ-ಅಮ್ಮನ ಅಸಲಿ ಪಾಸ್‌ಪೋರ್ಟ್, ಒಂದು ದಿನದ ಮಾತ್ರೆ ಎರಡೂ ನನ್ನ ಬ್ಯಾಗಿನಲ್ಲೇ ಇದ್ದವು. ಊಟದ ಮಾತು: ಹಡಗಿನಿಂದ ಹಣ್ಣು, ಊಟ ಕೆಳಗೆ ಒಯ್ಯುವಂತಿಲ್ಲ, ಸೀಲ್ ಆದ ಪೊಟ್ಟಣಗಳಿಗೆ ಯಾರೂ ಏನೂ ಅನ್ನಲಿಲ್ಲ. ಟೂರ್‌ಗಳಲ್ಲಿ ಊಟ ಅಂದರೆ ಹೆಚ್ಚಾಗಿ ಸಾಲ್ಮನ್ ಮೀನೇ, ಸಸ್ಯಾಹಾರ ಬೇಕಿದ್ದರೆ ಮೊದಲೇ ಹೇಳಿಡಬೇಕು.

ಇನ್ನು ಬುಕ್ ಮಾಡುವ ಹೊತ್ತು. ಹಡಗಿನ ಟೂರ್‌ಗಳಲ್ಲಿ ಬಹಳಷ್ಟನ್ನು ಹೊರಡುವ ಒಂದೆರಡು ದಿನ ಮೊದಲಿನವರೆಗೂ ರದ್ದು ಮಾಡಬಹುದು, ರೈಲು ಮತ್ತು ಹೆಲಿಕಾಪ್ಟರಿಗೆ ಮಾತ್ರ ನಿಯಮ ಬೇರೆ ಇರಬಹುದು, ಓದಿಕೊಳ್ಳಿ. ಹಾಗಾಗಿ ನಾನು ಮೊದಲು ಹಡಗಿನದ್ದನ್ನೇ ಹಿಡಿದಿಟ್ಟುಕೊಂಡು, ಊರಿನವರ ಇಮೇಲ್ ಉತ್ತರ ಎಲ್ಲ ಸರಿ ಬಂದ ಮೇಲೆ ಬೇಡದ್ದನ್ನು ಬಿಟ್ಟೆ. ಜುಲೈ-ಆಗಸ್ಟ್‌ಗೆ ಹೋಗುವವರು ಜೂನೊದ ಚಿಕ್ಕ ದೋಣಿಗಳನ್ನು ಚಳಿಗಾಲದಲ್ಲೇ ಕೇಳಿ ಇಟ್ಟುಕೊಳ್ಳಿ. ಬಾತ್‌ರೂಮ್ ಇರುವವು ಮೊದಲು ತುಂಬುತ್ತವೆ.