ಆಟಿಯಲ್ಲೇ ಮನೆ ಬದಲಾಯಿಸಿದೆವು: ನನ್ನ ಅನುಭವ

ಮಂಗಳೂರಿನ ಬಿಜೈಯಿಂದ ಉಡುಪಿಯ ಸಂತೆಕಟ್ಟೆಗೆ ಹೋಗುತ್ತೇವೆ, ಅದೂ ಆಟಿಯಲ್ಲೇ ಅಂದಾಗ ಮೈದುನ ಫೋನಿನಲ್ಲೇ ಕೇಳಿದ, "ಅತ್ತಿಗೆ, ಆಟಿಯಲ್ಲಿ ಯಾರಾದ್ರೂ ಮನೆ ಬದಲಾಯಿಸುವುದುಂಟಾ?" ಆಟಿ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು, ಜೋರು ಮಳೆಯ ಕಾಲ, ಆಗ ನಮ್ಮ ಕಡೆ ಶುಭಕಾರ್ಯ ಮಾಡುವುದಿಲ್ಲ. ಅತ್ತೆ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅದು 2024. ಜುಲೈ 16ಕ್ಕೆ ಅಂಕೋಲದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಎಲ್ಲರಿಗೂ ಹೆದರಿಕೆ ಆಗಿತ್ತು. ಅದು ನಮ್ಮ ದಾರಿಯಲ್ಲ, ಉಡುಪಿಯಿಂದಲೂ ಎಷ್ಟೋ ಉತ್ತರಕ್ಕೆ. ಆದರೂ ನಾವೂ ಹೋಗಬೇಕಾದ ಹೆದ್ದಾರಿ 66ರ ಹೆಸರು ಹೇಳಿದರೆ ಸಾಕು, ಬೇಡ ಅನ್ನುತ್ತಿದ್ದರು. ನಾವು ಬದಲಾಯಿಸಿದೆವು. ಒಂದು ತಟ್ಟೆ ಒಡೆಯಲಿಲ್ಲ, ಒಂದು ಪುಸ್ತಕ ಒದ್ದೆಯಾಗಲಿಲ್ಲ, ದುಡ್ಡೂ ಉಳಿಯಿತು. ಆಮೇಲೆ ಇದೇ ಜನ ಒಬ್ಬೊಬ್ಬರಾಗಿ ಹೇಗೆ ಮಾಡಿದಿರಿ ಅಂತ ಕೇಳಿದ್ದರಿಂದ ಬರೆಯುತ್ತಿದ್ದೇನೆ.

19 ವರ್ಷದಲ್ಲಿ ಇದು ನಮ್ಮ ಏಳನೇ ಬಾಡಿಗೆ ಮನೆ. ಮೊದಲಿನ ನಾಲ್ಕು ಸಲ ಎಲ್ಲರ ಹಾಗೆ ಏಪ್ರಿಲ್-ಮೇಯಲ್ಲೇ ಬದಲಾಯಿಸಿದ್ದು. ಆ ಎರಡು ತಿಂಗಳಲ್ಲಿ ಮದುವೆ, ದೈವದ ನೇಮ, ಗೃಹಪ್ರವೇಶ ಎಲ್ಲ ಒಟ್ಟಿಗೆ. ಟೆಂಪೋ ಸಿಗುವುದಿಲ್ಲ, ಸಿಕ್ಕಿದರೆ ಹೇಳಿದಷ್ಟು ಕೊಡಬೇಕು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಬೇಸಗೆಯಲ್ಲಿ ನೋಡಿದರೆ ಎಲ್ಲ ಮನೆಯೂ ಚಂದವೇ ಅಲ್ವಾ? 2014ರ ಮೇಯಲ್ಲಿ ಒಂದು ಹಂಚಿನ ಮನೆ ಹಿಡಿದೆವು. ಹೊಸ ಪೇಂಟು, ಕೆಂಪು ನೆಲ, ಅಂಗಳದಲ್ಲಿ ದಾಸವಾಳ. ಜೂನ್ ಮೊದಲ ವಾರದ ಮಳೆಗೆ ಮಲಗುವ ಕೋಣೆಯಲ್ಲಿ ನಾಲ್ಕು ಕಡೆ ಪಾತ್ರೆ ಇಟ್ಟೆವು. ಜುಲೈಗೆ ಗೋಡೆಯ ಪೇಂಟು ಹಪ್ಪಳದ ಹಾಗೆ ಎದ್ದು ಬಂತು, ಒಳಗೆ ಮುರಕಲ್ಲು ನೀರು ಕುಡಿದು ಕಪ್ಪಾಗಿತ್ತು. ಮುಂಗಡ ವಾಪಸು ಕೇಳಿದರೆ 11 ತಿಂಗಳ ಕರಾರು ತೋರಿಸಿದರು. ಬಿಟ್ಟು ಬರುವಾಗ 20 ಸಾವಿರದ ಹತ್ತಿರ ಕಳೆದುಕೊಂಡಿದ್ದೆವು.

ನನಗೆ ಆವಾಗಲೇ ಹೊಳೆದದ್ದು. ಮನೆ ನೋಡುವುದಾದರೆ ಆಟಿಯಲ್ಲೇ ನೋಡಬೇಕು. ಸೋರುವುದು, ಅಂಗಳದಲ್ಲಿ ನೀರು ನಿಲ್ಲುವುದು, ಬಚ್ಚಲಿನ ನೀರು ತಿರುಗಿ ಬರುವುದು, ಕರೆಂಟು ಎಷ್ಟು ಹೊತ್ತು ಹೋಗುತ್ತದೆ ಅನ್ನುವುದು, ಯಾವುದನ್ನೂ ಮನೆಯೊಡೆಯರಿಗೆ ಮುಚ್ಚಿಡಲು ಆಗುವುದಿಲ್ಲ. ಮೇಯಲ್ಲಿ ಖಾಲಿಯಾದ ಮನೆಗೆ ಜುಲೈವರೆಗೆ ಜನ ಬರದಿದ್ದರೆ ಅವರೂ ಬಾಡಿಗೆ ಇಳಿಸಲು ತಯಾರಿರುತ್ತಾರೆ.

ಸಾಗಿಸುವುದೇ ಕಷ್ಟ. ಆಟಿಯ ಮೊದಲ ಪ್ರಯತ್ನದಲ್ಲಿ ನಾನು ಸೋತಿದ್ದೆ. 2018ರ ಜುಲೈಯಲ್ಲಿ ಕದ್ರಿಯಿಂದ ಬಿಜೈಗೆ, ಎರಡೇ ಕಿಲೋಮೀಟರು ಅಂತ ಧೈರ್ಯ ಮಾಡಿದೆ. ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿಸಿದ್ದು ತಪ್ಪಾಯ್ತು. ಮನೆ ಬಾಗಿಲಿಂದ ಟೆಂಪೋಗೆ 15 ಹೆಜ್ಜೆ, ಅಷ್ಟರಲ್ಲಿ ಪೆಟ್ಟಿಗೆಯ ತಳ ಮೆತ್ತಗಾಗಿ ಸ್ಟೀಲ್ ಪಾತ್ರೆಗಳೆಲ್ಲ ರಸ್ತೆಗೆ ಬಿದ್ದವು. ಹತ್ತಿಯ ಹಾಸಿಗೆ ನೀರು ಕುಡಿದು ನಾಲ್ಕು ಜನಕ್ಕೂ ಎತ್ತಲು ಆಗಲಿಲ್ಲ, ಹದಿನೈದು ದಿನ ಒಣಗಿಸಿಯೂ ವಾಸನೆ ಹೋಗದೆ ಬಿಸಾಡಿದೆವು, ಅದು 6 ಸಾವಿರ. ಪ್ಲೈವುಡ್ಡಿನ ಟೀವಿ ಸ್ಟ್ಯಾಂಡ್ ಉಬ್ಬಿತು, 3 ಸಾವಿರ. ಮಗಳ ಪುಸ್ತಕಗಳಿಗೆ ಬೂಸ್ಟು ಹಿಡಿಯಿತು, ಅವಳು ಅತ್ತಿದ್ದು ನನಗೆ ಈಗಲೂ ನೆನಪಿದೆ. ಎಲ್ಲವನ್ನೂ ಒಂದೇ ದಿನ, ಒಂದೇ ಟೆಂಪೋದಲ್ಲಿ ಅಂತ ಹಟ ಹಿಡಿದದ್ದೇ ಇಷ್ಟಕ್ಕೂ ಕಾರಣ.

ಈ ಸಲ ಮಗಳಿಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿತು, ಯಜಮಾನರು ಅದರ ಹಿಂದಿನ ವರ್ಷವೇ ನಿವೃತ್ತರು, ಹಾಗಾಗಿ ದಿನ ನಮ್ಮ ಕೈಯಲ್ಲೇ ಇತ್ತು. ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ರೀತಿ ಕಷ್ಟ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮನೆ ನೋಡಲು ಜೂನ್ ಕೊನೆಗೆ ಶುರು ಮಾಡಿದೆವು. ಒಂಬತ್ತು ಮನೆ ನೋಡಿದೆ, ಎಲ್ಲವೂ ಮಳೆ ಸುರಿಯುವಾಗಲೇ. ಒಳಗೆ ಹೋದ ಕೂಡಲೇ ಕಪಾಟಿನ ಬಾಗಿಲು ತೆಗೆದು ಮೂಸಿ ನೋಡುತ್ತೇನೆ, ಆಮೇಲೆ ಗೋಡೆಯ ಕೆಳಗಿನ ಒಂದು ಅಡಿಗೆ ಕೈ ಇಡುತ್ತೇನೆ. ಹೆಚ್ಚು ಹೊತ್ತು ಕಳೆಯುವುದು ಬಾವಿಯ ಹತ್ತಿರ. ಮಳೆಗಾಲದಲ್ಲಿ ಎಲ್ಲ ಬಾವಿಯೂ ತುಂಬಿರುತ್ತದೆ, ನೀರು ನೋಡಿ ಏನೂ ಗೊತ್ತಾಗುವುದಿಲ್ಲ. ನಾನು ನೋಡುವುದು ರಾಟೆಯ ಹಗ್ಗ. ಮಲ್ಪೆ ಕಡೆಯ ಒಂದು ಮನೆಯಲ್ಲಿ ಹಳೇ ತೆಂಗಿನ ನಾರಿನ ಹಗ್ಗಕ್ಕೆ ನೀಲಿ ನೈಲಾನ್ ಹಗ್ಗ ಗಂಟು ಹಾಕಿದ್ದರು, ಅದರ ತುದಿಗೆ ಮತ್ತೆ ಹಳದಿ ಹಗ್ಗ. ಅಂದರೆ ನೀರು ವರ್ಷ ವರ್ಷ ಕೆಳಗೆ ಹೋಗಿದೆ, ಅವರು ಹಗ್ಗ ಉದ್ದ ಮಾಡುತ್ತಾ ಬಂದಿದ್ದಾರೆ. ಪಕ್ಕದ ಮನೆಯವರನ್ನು ಕೇಳಿದೆ, "ಮೇಯಲ್ಲಿ ಈ ನೀರಲ್ಲಿ ಬೇಳೆ ಬೇಯುತ್ತದಾ?" ಅವರು ನಕ್ಕು, "ಏಪ್ರಿಲ್‌ನಿಂದ ಉಪ್ಪು ಮಾರಾಯ್ರೆ, ಕುಡಿಯಲು ಟ್ಯಾಂಕರು" ಅಂದರು. ಅಲ್ಲಿಂದ ವಾಪಸು ಬಂದೆ. ಸಂತೆಕಟ್ಟೆಯ ಮನೆಯಲ್ಲಿ ಹಗ್ಗ ಒಂದೇ, ಅಳೆದರೆ ಎಂಟು ಮಾರು ಬಂತು, ಮಧ್ಯೆ ಗಂಟಿಲ್ಲ. ನಗರಸಭೆಯ ನಲ್ಲಿಯೂ ಉಂಟು, ಆಗ ಅದರಲ್ಲಿ ಬರುತ್ತಿದ್ದದ್ದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು. ಆದರೆ ಬಜೆಯಲ್ಲಿ ನೀರು ಇಳಿದ ಬೇಸಗೆಯಲ್ಲಿ ನಲ್ಲಿಯನ್ನು ನಂಬಲು ಆಗುತ್ತಿರಲಿಲ್ಲ, ಬಾವಿಯೇ ಬೇಕಿತ್ತು.

ಬಾಡಿಗೆ 16 ಸಾವಿರ ಹೇಳಿದ್ದರು, 14ಕ್ಕೆ ಒಪ್ಪಿದರು. ಮುಂಗಡ 80 ಇದ್ದದ್ದು 50ಕ್ಕೆ ಬಂತು. ಹೇಗೆ ಮಾತಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ, ಇನ್ನೊಂದು ಮನೆ ಹಿಡಿಯುವಾಗ ನನಗೇ ಬೇಕಾಗುತ್ತದೆ.

ಅತ್ತೆಯ ವಿಷಯ. ಅವರ ನಂಬಿಕೆಯನ್ನು ದೂಡಿ ಹಾಕಿ ಹೋಗುವ ಮನಸ್ಸು ನನಗೆ ಇರಲಿಲ್ಲ. ಮನೆ ಗೊತ್ತಾದದ್ದು ಆಟಿಗಿಂತ ಮೊದಲಿನ ಕಾರ್ತೆಲ್ ತಿಂಗಳು ಇನ್ನೂ ಇರುವಾಗಲೇ. ಹಾಗಾಗಿ ಜುಲೈ ಎರಡನೇ ವಾರ ದಿನ ಕೇಳಿ, ಅತ್ತೆಯನ್ನೇ ಕರೆದುಕೊಂಡು ಹೋಗಿ ದೀಪ ಹಚ್ಚಿ, ಹಾಲು ಉಕ್ಕಿಸಿ, ಒಂದು ಸೇರು ಅಕ್ಕಿ, ಉಪ್ಪು, ಒಂದು ಕೊಡ ನೀರು ಇಟ್ಟು ಬಂದೆವು. ಹಾಲು ಪೂರ್ವಕ್ಕೇ ಉಕ್ಕಿತು ಅಂತ ಅವರಿಗೆ ಸಮಾಧಾನ. "ಒಕ್ಕಲು ಆದದ್ದು ಇವತ್ತು, ಆಟಿಯಲ್ಲಿ ಹೋಗುವುದು ಸಾಮಾನು ಮಾತ್ರ" ಅಂತ ಅವರೇ ಎಲ್ಲರಿಗೂ ಹೇಳಲು ಶುರು ಮಾಡಿದರು.

ಇನ್ನು ಸಾಮಾನು. ಮನೆಯಲ್ಲಿದ್ದದ್ದನ್ನೆಲ್ಲ ಮೂರು ಪಾಲು ಮಾಡಿದೆ. ಒದ್ದೆಯಾದರೆ ಒರೆಸಿದರೆ ಸಾಕು ಅನ್ನುವಂಥದ್ದು, ಒದ್ದೆಯಾಗಲೇ ಬಾರದ್ದು, ಮತ್ತೆ ಮರದ್ದು. ಒದ್ದೆಯಾಗಬಾರದ್ದು ಅಂದರೆ ಬಟ್ಟೆ, ಪುಸ್ತಕ, ಕಾಗದಪತ್ರ, ಮಿಕ್ಸಿ, ಟೀವಿ. ಅದೆಲ್ಲ ನಮ್ಮ ಕಾರಿನಲ್ಲಿ ನಾಲ್ಕು ಸಲವಾಗಿ ಹೋಯಿತು. ಬಿಜೈಯಲ್ಲಿ ಪೋರ್ಟಿಕೋದ ಒಳಗೇ ತುಂಬಿಸುವುದು, ಸಂತೆಕಟ್ಟೆಯಲ್ಲಿ ಶೀಟಿನ ಕೆಳಗೇ ಇಳಿಸುವುದು, ಒಂದು ಹನಿ ಬೀಳುವುದಿಲ್ಲ. ರಟ್ಟಿನ ಪೆಟ್ಟಿಗೆ ಒಂದೂ ಇಲ್ಲ. ಅಕ್ಕಿಯ ಪ್ಲಾಸ್ಟಿಕ್ ಗೋಣಿ, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ, ಬಾಯಿಯನ್ನು ಮಡಚಿ ಕಟ್ಟುವುದು. 60 ಗೋಣಿಗೂ ಚೀಲಕ್ಕೂ ಸೇರಿ 700 ರೂಪಾಯಿ ಆಗಿರಬೇಕು.

ಗೋಣಿಗಿಂತ ಮೊದಲು ಮೀನಿನ ಕ್ರೇಟ್ ಪ್ರಯೋಗ ಮಾಡಿದ್ದೆ. ಪರಿಚಯದವರೊಬ್ಬರು ಮಲ್ಪೆಯಿಂದ ಹತ್ತು ಕ್ರೇಟ್ ತಂದು ಕೊಟ್ಟರು, ಗಟ್ಟಿ, ಒಂದರ ಮೇಲೊಂದು ಕೂರುತ್ತದೆ, ನೀರು ನಿಲ್ಲುವುದಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿ, ಸೋಪಿನಲ್ಲಿ ತೊಳೆದು, ಒಂದು ರಾತ್ರಿ ಸುಣ್ಣದ ನೀರಿನಲ್ಲಿ ಮುಳುಗಿಸಿ ಇಟ್ಟೆ. ಬೆಳಿಗ್ಗೆ ವಾಸನೆ ಇರಲಿಲ್ಲ. ಪರೀಕ್ಷೆಗೆ ಒಂದರಲ್ಲಿ ಹಳೇ ಬೆಡ್‌ಶೀಟ್ ಇಟ್ಟು ಮುಚ್ಚಿದೆ. ಮೂರನೇ ದಿನ ಬೆಡ್‌ಶೀಟಿನಲ್ಲಿ ಬಂಗುಡೆ ವಾಸನೆ. ಪಾತ್ರೆಗಾದರೆ ಆಗುತ್ತದೆ, ಬಟ್ಟೆಗೆ ಬೇಡವೇ ಬೇಡ.

ಟೆಂಪೋ ಬಂದದ್ದು ಜುಲೈ ಕೊನೆಗೆ. ಹವಾಮಾನ ಇಲಾಖೆಯವರ ಆರೆಂಜ್, ರೆಡ್ ಅಲರ್ಟ್ ಇಲ್ಲದ ದಿನಕ್ಕೆ ಕಾಯುತ್ತಿದ್ದೆ. ಅದಕ್ಕೆ ಟೆಂಪೋದವರ ಹತ್ತಿರ ಮೊದಲೇ ಮಾತಾಡಿ, ದಿನ ಹಿಂದಿನ ರಾತ್ರಿ ಹೇಳುತ್ತೇನೆ ಅಂದಿದ್ದೆ. ಮೇಯಲ್ಲಿ ಯಾರೂ ಇದಕ್ಕೆ ಒಪ್ಪುವುದಿಲ್ಲ. ಆಟಿಯಲ್ಲಿ ಅವರು ಸ್ಟ್ಯಾಂಡಿನಲ್ಲಿ ಸುಮ್ನೆ ಕೂತಿರುತ್ತಾರೆ. 4 ಸಾವಿರಕ್ಕೆ ಬಂದರು, ಇದೇ ದೂರಕ್ಕೆ ಮೇಯಲ್ಲಿ ಆರೂವರೆ ಕೇಳಿದ್ದರು. "ಟರ್ಪಾಲ್ ನನ್ನ ಹತ್ತಿರ ಉಂಟು ಅಕ್ಕ" ಅಂದರು. ಬಿಡಿಸಿ ತೋರಿಸಿ ಅಂದೆ. ಬೆಳಕಿಗೆ ಹಿಡಿದರೆ ನಕ್ಷತ್ರದ ಹಾಗೆ ತೂತು. ನಾನು 1,600 ಕೊಟ್ಟು ದಪ್ಪದ್ದೇ ಹೊಸದು ತಂದಿಟ್ಟಿದ್ದೆ, ಅದನ್ನು ಒಳಗೆ ಹಾಸಿ, ಸಾಮಾನು ತುಂಬಿಸಿ, ಉಳಿದದ್ದನ್ನು ಮೇಲಕ್ಕೆ ಮಡಚಿ, ಅದರ ಮೇಲೆ ಅವರದ್ದು ಹಾಕಿದೆವು. ಮೇಲಿನಿಂದ ಬರುವ ಮಳೆಗಿಂತ ಚಕ್ರದಿಂದ ಹಾರಿ ಕೆಳಗಿನಿಂದ ಬರುವ ನೀರೇ ಜಾಸ್ತಿ ಅನ್ನುವುದು 2018ರಲ್ಲಿ ಕಲಿತ ಪಾಠ.

ಮೊದಲು ಗೋದ್ರೇಜ್ ಕಪಾಟು, ಅರೆಯುವ ಕಲ್ಲು, ಪಾತ್ರೆ. ಮಧ್ಯದಲ್ಲಿ ಮರದ ಮಂಚ, ಮೇಜು. ಹಾಸಿಗೆಗೆ ಬೇರೆಯೇ ಉಪಾಯ ಮಾಡಿದ್ದೇನೆ, ಅದೊಂದನ್ನು ಕೇಳಬೇಡಿ. ಪಡುಬಿದ್ರಿ ದಾಟುವಾಗ ಜೋರು ಮಳೆ ಹೊಡೆಯಿತು, ಕಾಪುವಿನವರೆಗೂ ಬಿಡಲಿಲ್ಲ, ಕಾರಿನಲ್ಲಿ ಹಿಂದಿನಿಂದ ಬರುತ್ತಿದ್ದ ನನಗೆ ಟೆಂಪೋದ ಕೆಂಪು ಲೈಟು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಸಂತೆಕಟ್ಟೆಯಲ್ಲಿ ಆಗ ಅಂಡರ್‌ಪಾಸ್ ಕೆಲಸ ನಡೆಯುತ್ತಿತ್ತು, ಸರ್ವಿಸ್ ರಸ್ತೆಯ ಗುಂಡಿಯಲ್ಲಿ ಟೆಂಪೋ ಓಲಾಡಿದಾಗ ಯಜಮಾನರು ಕಣ್ಣು ಮುಚ್ಚಿದರು. ಇಳಿಸಿ ಬಿಚ್ಚಿ ನೋಡಿದರೆ ಮಂಚದ ಒಂದು ಕಾಲು ಮಾತ್ರ ಒದ್ದೆ.

ಖರ್ಚು ಒಟ್ಟು: ಟೆಂಪೋ 4,000, ನಾಲ್ಕು ಜನ ಆಳುಗಳಿಗೆ ಎರಡೂ ಕಡೆ ಸೇರಿ 4,000, ಟರ್ಪಾಲ್ 1,600, ಗೋಣಿ 700, ಕಾರಿನ ಪೆಟ್ರೋಲ್ ಮೂರು ಸಾವಿರದ ಮೇಲೆ, ಹೆಜಮಾಡಿಯ ಟೋಲ್, ಚಾ, ಊಟ ಎಲ್ಲ ಹಿಡಿದು 14-15 ಸಾವಿರ. ಸಾಗಾಟದ ಕಂಪೆನಿಯವರು 26 ಸಾವಿರ ಹೇಳಿದ್ದರು, ಒದ್ದೆಯಾದರೆ ಜವಾಬ್ದಾರಿ ಇಲ್ಲ ಅಂತಲೂ ಹೇಳಿದ್ದರು.

ಗಿಡಗಳದ್ದು ಬೇರೆ ಕಥೆ. ಆಟಿಯ ದೊಡ್ಡ ಲಾಭ ಅದೇ. ಬಸಳೆಯ ದಪ್ಪ ದಂಟು ಗೇಣುದ್ದ ಕತ್ತರಿಸಿ ತಂದು ನೆಟ್ಟೆ, 12ಕ್ಕೆ 12 ಬಂತು. ಮಲ್ಲಿಗೆ ನಾಲ್ಕು ಗಿಡ ಬುಡದ ಮಣ್ಣಿನ ಸಮೇತ ತಂದೆ, ಎರಡು ಉಳಿಯಿತು. ಸತ್ತ ಎರಡನ್ನು ನೀರು ನಿಲ್ಲುವ ಮೂಲೆಯಲ್ಲಿ ನೆಟ್ಟಿದ್ದೆ, ತಪ್ಪು ನನ್ನದೇ. ಕರಿಬೇವು ಒಂದು ತಿಂಗಳು ಮುನಿಸಿಕೊಂಡು ಆಮೇಲೆ ಚಿಗುರಿತು.

ಹೊಸ ಮನೆಯ ಬೂಸ್ಟಿಗೆ ಬಟ್ಟಲಲ್ಲಿ ಕಲ್ಲುಪ್ಪು ಇಟ್ಟು ನೋಡಿದೆ. ಎರಡೇ ದಿನಕ್ಕೆ ನೀರಾಗಿ ಹರಿದು ಕಪಾಟಿನ ತಳಕ್ಕೆ ತುಕ್ಕು. ಗೆರಟೆಯ ಇದ್ದಿಲನ್ನು ಹಳೇ ಕಾಲುಚೀಲಕ್ಕೆ ತುಂಬಿಸಿ ಮೂಲೆಗೆ ನೇತು ಹಾಕಿದ್ದು ಒಳ್ಳೆಯದಾಯ್ತು, ವಾರಕ್ಕೊಮ್ಮೆ ಒಲೆಯ ಹತ್ತಿರ ಒಣಗಿಸಬೇಕು.

ಕಾಗದದ ಕೆಲಸ ನಿಮಗೆಲ್ಲ ಗೊತ್ತಿದೆ. ಒಂದೇ ಮಾತು, ಉಚಿತ ಕರೆಂಟಿನ ಗೃಹಜ್ಯೋತಿ. ಹಳೇ ಮನೆಯ ಕರೆಂಟು ಬಿಲ್ಲಿನ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಣೆ ಇದ್ದರೆ ಮೊದಲು ಸೇವಾ ಸಿಂಧುವಿನಲ್ಲಿ ಅದನ್ನು ಬಿಡಿಸಿ, ಆಮೇಲೆ ಹೊಸದಕ್ಕೆ ಹಾಕಿ. ನಾನು ತಡ ಮಾಡಿ ಎರಡು ತಿಂಗಳು ಪೂರ್ತಿ ಬಿಲ್ ಕಟ್ಟಿದೆ. ವೋಟರ್ ಲಿಸ್ಟಿಗೆ ಫಾರ್ಮ್ 8, 6 ಅಲ್ಲ.

ಹೊಸ ಜಾಗದಲ್ಲಿ ಹೊಂದಿಕೊಳ್ಳುವುದಕ್ಕೆ ಮಳೆಯೇ ಸಹಾಯ ಮಾಡಿತು. ಬಂದ ಮೂರನೇ ದಿನ ಕರೆಂಟು ಹೋಯಿತು, 20 ಗಂಟೆ ಬರಲಿಲ್ಲ. ಎಲ್ಲರೂ ಜಗಲಿಯಲ್ಲಿ. ಎದುರು ಮನೆಯ ಅಕ್ಕ ಕೊಡೆ ಹಿಡಿದು ಬಂದು, "ನಿಮ್ಮಲ್ಲಿ ಅರೆಯುವ ಕಲ್ಲು ಇಳಿಸಿದ್ದು ನೋಡಿದೆ, ಸ್ವಲ್ಪ ಅರೆದುಕೊಳ್ಳಲಾ? ಮಿಕ್ಸಿ ಇಲ್ಲ ಅಲ್ವಾ" ಅಂದರು. ಪತ್ರೊಡೆಗೆ ಅಕ್ಕಿ ನೆನೆ ಹಾಕಿದ್ದರಂತೆ. ಅವರು ಅರೆದರು, ನಾನು ಕೆಸುವಿನ ಎಲೆಯ ನಾರು ತೆಗೆದೆ, ಅತ್ತೆ ಹುಳಿ ಸಾಕಾ ಅಂತ ರುಚಿ ನೋಡಿದರು. ಸಂಜೆಗೆ ಒಂದು ಡಬ್ಬಿ ಪತ್ರೊಡೆ ನಮ್ಮ ಮನೆಗೆ. ಡಬ್ಬಿ ಖಾಲಿ ಕೊಡಬಾರದು ಅಂತ ಅತ್ತೆ ಹಲಸಿನ ಹಪ್ಪಳ ತುಂಬಿಸಿ ಕಳಿಸಿದರು. ಆಗಸ್ಟ್ 4ರ ಆಟಿ ಅಮಾವಾಸ್ಯೆಗೆ ಬೆಳಕು ಹರಿಯುವ ಮೊದಲೇ ಅವರ ಮಗ ಹಾಲೆ ಮರದ ಕೆತ್ತೆ, ಅಂದರೆ ತೊಗಟೆ, ಕಲ್ಲಿನಿಂದ ಜಜ್ಜಿ ತಂದಿದ್ದ, ಆ ದಿನ ಕುಡಿಯುವ ಅದರ ಕಷಾಯ ನಮಗೂ ಬಂತು, ಹಿಂದೆಯೇ ಮೆಂತ್ಯದ ಗಂಜಿ. ಬಿಜೈಯಲ್ಲಿ ಆರು ವರ್ಷ ಇದ್ದೆವು, ಮೇಲಿನ ಮಹಡಿಯವರ ಹೆಸರು ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಮರುವರ್ಷ ಮೇ ಬಂದಾಗ ನಾನೇ ಕೊಡಪಾನ ಇಳಿಸಿ ನೋಡಿದೆ. ಹಗ್ಗ ಇನ್ನೂ ಒಂದು ಮಾರು ಕೈಯಲ್ಲಿ ಉಳಿದಿರುವಾಗಲೇ ನೀರು ಸಿಕ್ಕಿತು.

ಮೈದುನ ಈ ಆಟಿಯಲ್ಲಿ ಕಾವೂರಿಗೆ ಮನೆ ಬದಲಾಯಿಸುತ್ತಿದ್ದಾನೆ. ಟರ್ಪಾಲ್ ಮೊನ್ನೆಯೇ ತೆಗೆದುಕೊಂಡು ಹೋದ. ಒಂದು ಮೂಲೆಯ ಕಣ್ಣು ಕಿತ್ತು ಹೋಗಿದೆ, ಅಲ್ಲಿ ಹಗ್ಗ ಕಟ್ಟಬೇಡ ಅಂತ ಹೇಳಿ ಕೊಟ್ಟಿದ್ದೇನೆ.