ಅಡುಗೆಮನೆಗೆ ಬಣ್ಣ: ಶೇಡ್ ಕಾರ್ಡ್ ಕೊನೆಗೆ ಬಿಚ್ಚಿ

ಅಡುಗೆಮನೆಗೆ ಬಣ್ಣ ಹೊಡೆಸಬೇಕು ಅಂದ ಕೂಡಲೇ ಎಲ್ಲರೂ ಅಂಗಡಿಗೆ ಹೋಗಿ ಶೇಡ್ ಕಾರ್ಡ್ ತರುತ್ತಾರೆ. ಇಲ್ಲವೇ ಫೋನಿನಲ್ಲಿ ಯಾವುದೋ ಫೋಟೋ ಹಿಡಿದು, "ದೊಡ್ಡಮ್ಮ, ಈ ನೀಲಿ ಹೇಗಿದೆ?" ಅಂತ ನನಗೆ ಕಳಿಸುತ್ತಾರೆ. ಆ ಫೋಟೋದ ಅಡುಗೆಮನೆಯಲ್ಲಿ ಯಾರೂ ಒಂದು ದಿನವೂ ಒಗ್ಗರಣೆ ಹಾಕಿದ ಹಾಗೆ ಕಾಣುವುದಿಲ್ಲ. ನಾನು ಹೇಳುವುದು ಇಷ್ಟೇ: ಬದಲಾಯಿಸಲು ಆಗದ್ದನ್ನು ಮೊದಲು ನೋಡಿ, ಬಣ್ಣ ಕೊನೆಗೆ ಆರಿಸಿ. ನೆಲ, ಕಟ್ಟೆಯ ಕಲ್ಲು, ಗೋಡೆಯ ಟೈಲ್ಸ್ ಇವೆಲ್ಲ ಹತ್ತಿಪ್ಪತ್ತು ವರ್ಷ ಅಲ್ಲೇ ಇರುತ್ತವೆ. ಬಣ್ಣವನ್ನಾದರೆ ಬೇಡ ಅನಿಸಿದಾಗ ಬದಲಾಯಿಸಬಹುದು. ಸೀರೆ ತೆಗೆದುಕೊಂಡ ಮೇಲೆ ತಾನೇ ರವಿಕೆ ಕಣ ಹುಡುಕುವುದು?

ಮೊದಲು ಕಟ್ಟೆ ನೋಡಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಕಪ್ಪು ಗ್ರಾನೈಟ್. ಜಿಡ್ಡು, ಅರಿಶಿನ, ಬಿಸಿ ಪಾತ್ರೆ ಎಲ್ಲ ತಡೆಯುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಪ್ಪು ಕಲ್ಲು ಬೆಳಕು ನುಂಗುತ್ತದೆ. ಅದರ ಕೆಳಗೆ ಕಾಫಿ ಬಣ್ಣದ ಕಬೋರ್ಡ್, ಮೇಲೂ ಅದೇ ಬಣ್ಣ ಅಂದರೆ ಹಗಲು ಹೊತ್ತಿನಲ್ಲೂ ಅಕ್ಕಿ ಆರಿಸಲು ಲೈಟ್ ಹಾಕಬೇಕು. ಕಪ್ಪು ಕಟ್ಟೆ ಇದ್ದರೆ ಮೇಲಿನ ಕಬೋರ್ಡೂ ಗೋಡೆಯೂ ತಿಳಿ ಬಣ್ಣದಲ್ಲೇ ಇರಲಿ. ಇಳಕಲ್ಲಿನ ಕೆಂಪು ಗ್ರಾನೈಟ್ ಹಾಕಿಸಿದವರು ಹಸಿರು ಬಳಿಸುವ ಮುಂಚೆ ಸ್ವಲ್ಪ ಯೋಚಿಸಿ. ಕೆಂಪಿನ ಪಕ್ಕ ಹಸಿರು ಇನ್ನೂ ಗಾಢವಾಗಿ ಕಾಣುತ್ತದೆ, ಕಲ್ಲೂ ಇನ್ನಷ್ಟು ಕೆಂಪಾಗಿ ಕಾಣುತ್ತದೆ, ಎರಡೂ ಜಗಳಕ್ಕೆ ನಿಲ್ಲುತ್ತವೆ. ಅಂಥ ಕಡೆ ಕೆನೆ ಬಣ್ಣ, ಮಾಸಲು ಬಿಳಿ ಸರಿಹೋಗುತ್ತದೆ. ಹಳೆ ಮನೆಗಳ ಕೆಂಪು ಗಾರೆ ನೆಲಕ್ಕೂ ಒಂದು ಗುಣ ಇದೆ. ಬಿಸಿಲು ನೆಲಕ್ಕೆ ಬಿದ್ದಾಗ ಗೋಡೆಯ ಕೆಳಭಾಗಕ್ಕೆಲ್ಲ ನಸುಗೆಂಪು ಹೊಳೆಯುತ್ತದೆ. ಬಿಳಿ ಹೊಡೆಸಿದವರು "ಪೇಂಟರ್ ಬೇರೆ ಬಣ್ಣ ಬೆರೆಸಿದ್ದಾನೆ" ಅಂತ ಜಗಳಕ್ಕೆ ಹೋಗುತ್ತಾರೆ. ಪಾಪ, ಅದು ನೆಲದ ಕೆಲಸ.

ಟೈಲ್ಸ್‌ನಲ್ಲಿ ಹೂವು, ಹಣ್ಣು, ಗೆರೆ ಅಂತ ಚಿತ್ರ ಇದ್ದರೆ ಗೋಡೆ ಸುಮ್ನೆ ಇರಲಿ. ಆ ಚಿತ್ರದಲ್ಲೇ ಇರುವ ತೀರಾ ತಿಳಿಯಾದ ಬಣ್ಣವನ್ನು ಗೋಡೆಗೆ ತೆಗೆದುಕೊಳ್ಳಿ. ಹೊಸದೊಂದನ್ನು ತಂದು ಸೇರಿಸಬೇಡಿ.

ಇನ್ನು ಬೆಳಕು. ಇದನ್ನು ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಬಣ್ಣ ಕೆಡುವುದು ಇಲ್ಲೇ. ನಮ್ಮಲ್ಲಿ ಅಡುಗೆಮನೆಯನ್ನು ಆಗ್ನೇಯ ಮೂಲೆಗೆ ಇಡುವ ರೂಢಿ. ಅಲ್ಲಿ ಪೂರ್ವದ ಕಿಟಕಿ ಇದ್ದರೆ ಬೆಳಗ್ಗೆ ಹಳದಿ ಬಿಸಿಲು ಬರುತ್ತದೆ. ಆಗ ಕೆನೆ ಬಣ್ಣ ಚಿನ್ನದ ಹಾಗೆ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಸರಿದು ಅದೇ ಗೋಡೆ ಮಂಕಾಗುತ್ತದೆ. ಪಶ್ಚಿಮದ ಕಿಟಕಿಯಾದರೆ ಸಂಜೆಯ ಬಿಸಿಲಿಗೆ ಹಳದಿ, ಕೇಸರಿ ಬಣ್ಣಗಳು ಕಣ್ಣು ಕುಕ್ಕುತ್ತವೆ. ಅಲ್ಲಿ ತಿಳಿ ಹಸಿರು, ತಿಳಿ ಬೂದು ತಂಪಾಗಿ ಕಾಣುತ್ತವೆ. ಉತ್ತರದ ಕಿಟಕಿಯಿಂದ ಬರುವುದು ಹೆಚ್ಚಾಗಿ ಆಕಾಶದ ಬೆಳಕು, ಅದರಲ್ಲಿ ನೀಲಿ ಜಾಸ್ತಿ. ಅಲ್ಲಿ ಬೂದು ಹೊಡೆಸಿದರೆ ಮಳೆಗಾಲದ ಮುಖ ಬರುತ್ತದೆ. ಕೆನೆ, ಜೇನು ಬಣ್ಣ ಕೊಟ್ಟರೆ ಮನೆ ಬೆಚ್ಚಗೆ ಅನಿಸುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಈ ದಿಕ್ಕಿನ ಲೆಕ್ಕವೇ ನಡೆಯುವುದಿಲ್ಲ. ಅಡುಗೆಮನೆಯ ಆಚೆ ಪಾತ್ರೆ, ಬಟ್ಟೆ ತೊಳೆಯುವ ಯುಟಿಲಿಟಿ, ಅದರಾಚೆ ಪಕ್ಕದ ಕಟ್ಟಡದ ಗೋಡೆ. "ಕತ್ತಲೆ ಇದೆ, ಅಚ್ಚ ಬಿಳಿ ಹೊಡೆಸಿಬಿಡೋಣ" ಅಂತಾರೆ. ಬಿಳಿಗೆ ತನ್ನದೇ ಬೆಳಕಿಲ್ಲ, ಬಿದ್ದ ಬೆಳಕನ್ನು ವಾಪಸ್ ಕೊಡುತ್ತದೆ ಅಷ್ಟೇ. ಬೆಳಕೇ ಇಲ್ಲದ ಕಡೆ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಸ್ವಲ್ಪ ಹಳದಿ ಬೆರೆತ ಬಿಳಿಯೇ ಮೇಲು. ಮತ್ತೆ ಕಬೋರ್ಡಿನ ಅಡಿಗೆ, ಕಟ್ಟೆಯ ಮೇಲೆ ಬೀಳುವ ಹಾಗೆ, ಒಂದು ಸಾಲು ಲೈಟ್ ಹಾಕಿಸಿ. ಇಂಥ ಕಡೆ ಬಣ್ಣಕ್ಕಿಂತ ಅದೇ ಜಾಸ್ತಿ ಉಪಕಾರ.

ಲೈಟಿನ ಡಬ್ಬಿಯ ಮೇಲೆ ಒಂದು ನಂಬರ್ ಇರುತ್ತದೆ, ನೋಡಿದ್ದೀರಾ? 3000ಕೆ ಅಂದರೆ ಹಳದಿ ಬೆಳಕು, 4000ಕೆ ಅಂದರೆ ನಡುವಿನದು, 6500ಕೆ ಅಂದರೆ ನೀಲಿ ಬೆರೆತ ಬಿಳಿ. ನಮ್ಮ ಹೆಚ್ಚಿನ ಅಡುಗೆಮನೆಗಳಲ್ಲಿ ಉರಿಯುವುದು ಈ 6500. ಅದರ ಕೆಳಗೆ ಕೆನೆ ಬಣ್ಣ ಸಪ್ಪೆಯಾಗುತ್ತದೆ, ಸಾರು ಕೂಡ ಸಪ್ಪೆಯಾಗಿಯೇ ಕಾಣುತ್ತದೆ. ನನ್ನ ಮಾತು ಕೇಳುವುದಾದರೆ ಅಡುಗೆಮನೆಗೆ 4000ಕೆ ಹಾಕಿ. ಬಣ್ಣ ಆರಿಸುವ ಮೊದಲೇ ಲೈಟ್ ಬದಲಾಯಿಸಿಕೊಳ್ಳಿ, ಆಮೇಲೆ ಬದಲಾಯಿಸಿದರೆ ಗೋಡೆಯೇ ಬೇರೆ ಕಾಣುತ್ತದೆ.

ಈಗ ಶೇಡ್ ಕಾರ್ಡ್ ಬಿಚ್ಚಬಹುದು. ಎರಡು ಬೆರಳಗಲದ ಚೂರಿನಲ್ಲಿ ತಿಳಿಯಾಗಿ ಕಂಡದ್ದು ನಾಲ್ಕು ಗೋಡೆ ತುಂಬಿದಾಗ ಜೋರಾಗುತ್ತದೆ. ಹಾಗಾಗಿ ಮನಸ್ಸಿಗೆ ಹಿಡಿಸಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನೇ ಗುರುತು ಹಾಕಿಕೊಳ್ಳಿ. ಎರಡು ಮೂರು ಬಣ್ಣ ಆರಿಸಿ, ಅಂಗಡಿಯಲ್ಲಿ ಇರುವ ಚಿಕ್ಕ ಡಬ್ಬಿ ತನ್ನಿ. ಹಳೆ ಗೋಡೆಯ ಮೇಲೆ ನೇರವಾಗಿ ಹಚ್ಚಬೇಡಿ, ಹಿಂದಿನ ಬಣ್ಣ ಸುತ್ತಲೂ ಇದ್ದು ಕಣ್ಣಿಗೆ ಮೋಸ ಮಾಡುತ್ತದೆ. ಎರಡಡಿಯ ಪ್ಲೈವುಡ್ ತುಂಡಿಗೋ ದಪ್ಪ ರಟ್ಟಿಗೋ ಬಣ್ಣಕ್ಕೆ ಮುಂಚೆ ಹಚ್ಚುವ ಬಿಳಿ ಪ್ರೈಮರ್ ಕೊಟ್ಟು, ಅದರ ಮೇಲೆ ಎರಡು ಕೋಟ್ ಹಚ್ಚಿ, ಒಣಗಿದ ಮೇಲೆ ನೋಡಿ. ಹಸಿ ಬಣ್ಣವನ್ನು ನೋಡಿ ತೀರ್ಮಾನ ಮಾಡಬಾರದು, ಒಣಗಿದಾಗ ಛಾಯೆ ಬದಲಾಗುತ್ತದೆ. ಆ ತುಂಡನ್ನು ಕಟ್ಟೆಗೆ ಆನಿಸಿ ನಿಲ್ಲಿಸಿ. ಬೆಳಗಿನ ಕಾಫಿ ಹೊತ್ತಿನಲ್ಲಿ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ ನೋಡಿ. ಕಿಟಕಿ ಪಕ್ಕ ಇಟ್ಟದ್ದನ್ನು ಮೇಲಿನ ಕಬೋರ್ಡಿನ ನೆರಳಿಗೂ ಇಟ್ಟು ನೋಡಿ. ನೀವು ಅಡುಗೆಮನೆಯಲ್ಲಿ ಜಾಸ್ತಿ ನಿಲ್ಲುವ ಹೊತ್ತಿನಲ್ಲಿ ಯಾವುದು ಹಿತವಾಗಿ ಕಾಣುತ್ತದೋ ಅದನ್ನೇ ಇಟ್ಟುಕೊಳ್ಳಿ.

ವಾಸ್ತು ಹೇಳುವವರು ಆಗ್ನೇಯಕ್ಕೆ ಕೆಂಪು, ಕೇಸರಿ ಒಳ್ಳೆಯದು ಅಂತಾರೆ. ಮನೆಯಲ್ಲಿ ಹಿರಿಯರಿಗೆ ಅದು ಬೇಕಿದ್ದರೆ ವಾದ ಬೇಡ. ಒಂದು ಗೂಡಿಗೋ ಬಾಗಿಲ ಪಕ್ಕದ ಕಿರಿದಾದ ಗೋಡೆಗೋ ಇಟ್ಟಿಗೆ ಕೆಂಪು ಹೊಡೆಸಿ. ಅವರ ಮಾತೂ ಉಳಿಯಿತು, ನಿಮ್ಮ ಕಣ್ಣೂ ಉಳಿಯಿತು.

ಕೊಳೆ ಕಾಣದ ಬಣ್ಣ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಅಚ್ಚ ಬಿಳಿಯಲ್ಲಿ ಅರಿಶಿನ ಕಾಣುತ್ತದೆ. ಕಡು ನೀಲಿ, ಕಪ್ಪಿನಲ್ಲಿ ಗೋಧಿ ಹಿಟ್ಟು, ಧೂಳು, ಬೆರಳಚ್ಚು ಕಾಣುತ್ತವೆ. ಕೊಳೆಯನ್ನು ಸಹಿಸುವುದು ನಡುವಿನ ಬಣ್ಣಗಳು: ನಸು ಬೂದಿ, ಮರಳಿನ ಬಣ್ಣ, ಮಾಸಲು ಹಸಿರು. ಕೆಳಗಿನ ಕಬೋರ್ಡಿಗೆ ಇವು ಚೆನ್ನ, ಕಾಲು ತಾಗುವುದು, ನೆಲ ಒರೆಸಿದ ನೀರು ಸಿಡಿಯುವುದು ಎಲ್ಲ ಅಲ್ಲೇ ತಾನೇ. ಒಲೆ ಪಕ್ಕದ ಗೋಡೆ ಮಾತ್ರ ತಿಳಿಯಾಗಿಯೇ ಇರಲಿ. ಜಿಡ್ಡು ಕಂಡರೆ ಆಗಾಗ ಒರೆಸುತ್ತೀರಿ. ಕಾಣದೇ ಹೋದರೆ ಅದು ಪದರ ಪದರವಾಗಿ ಕೂತು, ಆಮೇಲೆ ಚಾಕುವಿನಲ್ಲಿ ಕೆರೆಯುವ ಗತಿ ಬರುತ್ತದೆ.

ಅರಿಶಿನದ ಕಲೆ ಬಗ್ಗೆ ಒಂದು ಮಾತು. ತಿಳಿ ಬಣ್ಣದ ಬಾಗಿಲಿಗೆ ಸಾರು ಸಿಡಿದಾಗ ಸೋಪು ನೀರಿನಲ್ಲಿ ಉಜ್ಜಿದರೆ ಕಲೆ ಕೆಂಪಾಗುತ್ತದೆ. ಗಾಬರಿ ಬೇಡ. ಅರಿಶಿನಕ್ಕೆ ಸುಣ್ಣ ಬೆರೆತರೆ ಕುಂಕುಮದ ಬಣ್ಣ ಬರುತ್ತದಲ್ಲ, ಇದೂ ಅದೇ. ಚೆನ್ನಾಗಿ ನೀರಿನ ಬಟ್ಟೆಯಲ್ಲಿ ಒರೆಸಿ. ಉಳಿದ ಹಳದಿ ಬಿಸಿಲು ಬೀಳುವ ಜಾಗವಾದರೆ ಕೆಲವು ದಿನದಲ್ಲಿ ತಾನೇ ಮಾಸುತ್ತದೆ. ಅರಿಶಿನದ ಬಣ್ಣಕ್ಕೆ ಬಿಸಿಲು ಆಗುವುದಿಲ್ಲ.

ಕಬೋರ್ಡಿನ ಒಳಗೆ ಏನೇ ಆಗಲಿ ಬಿಳಿ ಅಥವಾ ಕೆನೆ ಬಣ್ಣ. ಹೊರಗೆ ನಿಮ್ಮ ಇಷ್ಟ. ಒಳಗೆ ಕಂದು ಬಳಿಸಿದರೆ ಹಿಂದಿನ ಸಾಲಿನ ಹೆಸರುಬೇಳೆ ಡಬ್ಬಿ ಕಾಣುವುದಿಲ್ಲ, ಜಿರಳೆಯ ಹಿಕ್ಕೆಯೂ ಕಾಣುವುದಿಲ್ಲ, ಇರುವೆ ಸಾಲು ಸಕ್ಕರೆ ಡಬ್ಬಿ ತಲುಪಿದ ಮೇಲೆಯೇ ಗೊತ್ತಾಗುವುದು. ಆದರೆ ಒಳಗೆ ಹಳೆ ಕಾಲದ ಆಯಿಲ್ ಎನಾಮೆಲ್ ಬಿಳಿ ಹೊಡೆಸಬೇಡಿ. ಎಣ್ಣೆಯ ಎನಾಮೆಲ್ ಕತ್ತಲಲ್ಲಿ ಹಳದಿಯಾಗುತ್ತದೆ. ಬೆಳಕು ಬೀಳುವ ಹೊರಬದಿ ಬಿಳಿಯಾಗಿಯೇ ಇದ್ದು ಒಳಬದಿ ಹಳೆ ಕಾಗದದ ಬಣ್ಣಕ್ಕೆ ಬಂದಿರುವುದನ್ನು ನೀವೂ ನೋಡಿರುತ್ತೀರಿ. ನೀರಿನಲ್ಲಿ ಬೆರೆಸುವ ಎನಾಮೆಲ್ ಈಗ ಎಲ್ಲ ಕಡೆ ಸಿಗುತ್ತದೆ. ವಾಸನೆ ಕಡಿಮೆ, ಹಳದಿಯಾಗುವುದೂ ಕಡಿಮೆ. ಬೆಲೆ ಸ್ವಲ್ಪ ಜಾಸ್ತಿ, ಕೊಡಬಹುದು.

ಅಡುಗೆಮನೆ ಚಿಕ್ಕದಾಗಿದ್ದರೆ ಮೇಲಿನ ಕಬೋರ್ಡಿಗೂ ಗೋಡೆಗೂ ಒಂದೇ ಬಣ್ಣ ಕೊಡಿ. ಕಬೋರ್ಡ್ ಗೋಡೆಯಲ್ಲಿ ಸೇರಿಹೋಗಿ ತಲೆ ಮೇಲೆ ಭಾರ ಕೂತ ಹಾಗೆ ಅನಿಸುವುದಿಲ್ಲ. ಬಾಗಿಲುಗಳು ಸನ್‌ಮೈಕಾದ್ದಾದರೆ ಬಣ್ಣದ ಆಸೆಯನ್ನು ಸ್ವಲ್ಪ ತಡೆಯಿರಿ. ಆ ನುಣುಪಿನ ಮೇಲೆ ಬಣ್ಣ ಹಿಡಿಯುವುದಿಲ್ಲ. ಉಪ್ಪು ಕಾಗದದಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಅದಕ್ಕೆಂದೇ ಇರುವ ಪ್ರೈಮರ್ ಹಾಕಿದರೆ ಮಾತ್ರ ನಿಲ್ಲುತ್ತದೆ. "ಹಾಗೇ ಹೊಡೀತೀನಿ ಅಮ್ಮ, ಏನೂ ಆಗಲ್ಲ" ಅನ್ನುವ ಪೇಂಟರ್‌ಗೆ ಟೀ ಕೊಟ್ಟು ಕಳಿಸಿಬಿಡಿ.

ಮರದ ಹಳೆ ಬಾಗಿಲಾದರೆ ಮೊದಲ ಕೆಲಸ ಜಿಡ್ಡು ತೆಗೆಯುವುದು. ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಕೈ ಹಿಡಿಯುವ ಜಾಗವನ್ನೂ ಒಲೆ ಮೇಲಿನ ಬಾಗಿಲನ್ನೂ ಎರಡು ಸಲ ಮಾಡಿ. ಬೆರಳಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ನೀರು ಮುತ್ತಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಹರಡಿದರೆ ಹೋಗಿದೆ. ಆಮೇಲೆ ಉಪ್ಪು ಕಾಗದ, ವುಡ್ ಪ್ರೈಮರ್, ಪುಟ್ಟಿ, ಮತ್ತೆ ಉಜ್ಜುವುದು, ಎರಡು ಕೋಟ್.

ಉಜ್ಜುವ ವಿಷಯದಲ್ಲಿ ಒಂದು ಎಚ್ಚರಿಕೆ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಎನಾಮೆಲ್‌ನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಇದ್ದಿರಬಹುದು. ಅಂಥದ್ದನ್ನು ಒಣದಾಗಿ ಉಜ್ಜಿ ಧೂಳು ಎಬ್ಬಿಸಬೇಡಿ. ಒದ್ದೆ ಮಾಡಿ ಉಜ್ಜಿಸಿ, ಆ ಕೆಸರನ್ನು ಹಳೆ ಪೇಪರಿನಲ್ಲಿ ಒರೆಸಿ ಎಸೆಯಿರಿ. ಮಕ್ಕಳು, ಬಸುರಿಯರು ಆ ಹೊತ್ತಿಗೆ ಬೇರೆ ಮನೆಯಲ್ಲಿರಲಿ. ದಿನಸಿ ಡಬ್ಬಿಗಳೂ ಆಚೆ.

ಗೋಡೆಗೆ ಬರೋಣ. ನಮ್ಮ ಚಿಕ್ಕಂದಿನಲ್ಲಿ ಸೌದೆ ಒಲೆ, ಗೋಡೆಗೆ ಸುಣ್ಣ. ಹಬ್ಬಕ್ಕೆ ಮುಂಚೆ ಸುಣ್ಣ ಕಲಸಿ ಅದಕ್ಕೆ ಚಿಟಿಕೆ ನೀಲಿ ಹಾಕುತ್ತಿದ್ದರು, ಹಳದಿ ಛಾಯೆ ಕೊಂದು ಬಿಳಿ ಬೆಳ್ಳಗೆ ಕಾಣಲಿ ಅಂತ. ಮಸಿ ಹಿಡಿದರೆ ಮುಂದಿನ ಹಬ್ಬಕ್ಕೆ ಮತ್ತೆ ಸುಣ್ಣ. ಈಗ ಹಾಗೆ ಆಗುವುದಿಲ್ಲ, ಒರೆಸಿ ತೊಳೆಯುವ ಬಣ್ಣವೇ ಬೇಕು. ಡಿಸ್ಟೆಂಪರ್ ಅಗ್ಗ ಅಂತ ಅಡುಗೆಮನೆಗೆ ಹೊಡೆಸಬೇಡಿ, ಒದ್ದೆ ಬಟ್ಟೆಗೆ ಎದ್ದು ಬರುತ್ತದೆ. ನೀರಿನಲ್ಲಿ ಬೆರೆಸುವ ಗೋಡೆ ಬಣ್ಣ, ಅಂದರೆ ಎಮಲ್ಷನ್, ಹೊಳಪೇ ಇಲ್ಲದ ಪೂರ್ತಿ ಮ್ಯಾಟ್ ಆದರೆ ನೋಡಲು ಚೆಂದ, ಆದರೆ ಒರೆಸಿದ ಕಡೆಯಲ್ಲೆಲ್ಲ ಹೊಳೆಯುವ ಪಟ್ಟೆ ಬೀಳುತ್ತದೆ. ಪೂರ್ತಿ ಗ್ಲಾಸಿ ಆದರೆ ಗಾರೆಯವರ ಏರುಪೇರೆಲ್ಲ ಬಯಲಾಗುತ್ತದೆ. ನಡುವಿನ ಸ್ಯಾಟಿನ್ ಅಥವಾ ಶೀನ್ ತೆಗೆದುಕೊಳ್ಳಿ.

ಹಳೆ ಗೋಡೆಯನ್ನು ಅಂಗೈಯಲ್ಲಿ ಉಜ್ಜಿ ನೋಡಿ. ಕೈಗೆ ಪುಡಿ ಹತ್ತಿದರೆ ಹಳೆ ಸುಣ್ಣವನ್ನೋ ಡಿಸ್ಟೆಂಪರನ್ನೋ ಕೆರೆದು ತೆಗೆಯಲೇಬೇಕು. ಸಿಂಕ್ ಹಿಂದಿನ ಗೋಡೆ, ಬಚ್ಚಲಿಗೆ ತಾಗಿದ ಗೋಡೆಯ ಮೇಲೆ ಅನುಮಾನ ಇದ್ದರೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕೂತರೆ ಗೋಡೆಯಲ್ಲಿ ತೇವ ಇದೆ. ಮೊದಲು ಪ್ಲಂಬರ್, ಆಮೇಲೆ ಪೇಂಟರ್. ತೇವದ ಮೇಲೆ ಎಷ್ಟು ದುಬಾರಿ ಬಣ್ಣ ಹೊಡೆಸಿದರೂ ಉಬ್ಬಿ ಚಕ್ಕೆ ಏಳುತ್ತದೆ.

ಲೆಕ್ಕ ಸುಲಭ. ಎಂಟಡಿ ಹತ್ತಡಿಯ ಅಡುಗೆಮನೆ, ಹತ್ತಡಿ ಎತ್ತರ ಅಂದರೆ ಗೋಡೆ 360 ಚದರಡಿ. ಟೈಲ್ಸ್, ಕಬೋರ್ಡ್, ಕಿಟಕಿ, ಬಾಗಿಲು ಕಳೆದರೆ ಉಳಿಯುವುದು ಸುಮಾರು 200. ಎರಡು ಕೋಟ್ ಹೊಡೆಯಲು ಲೀಟರ್‌ಗೆ 100 ಚದರಡಿ ಅಂತ ಹಿಡಿದರೆ ಎರಡು ಲೀಟರ್ ಸಾಕು. ಒಂದೇ ಸಲ ಬೆರೆಸಿಸಿ ತನ್ನಿ. ಎರಡು ಡಬ್ಬಿ ಇದ್ದರೆ ಬಕೆಟ್ಟಿಗೆ ಸುರಿದು ಒಟ್ಟಿಗೆ ಕಲಸಿಸಿ. ಎಣ್ಣೆಯ ಬಣ್ಣ, ಟರ್ಪೆಂಟೈನ್ ಬಳಸುವ ದಿನ ಒಲೆ ಹಚ್ಚಬೇಡಿ, ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದಿಡಿ. ಅವತ್ತು ಹೋಟೆಲ್ ಇಡ್ಲಿ ತಿಂದರೆ ಏನೂ ಆಗುವುದಿಲ್ಲ.

ಬಣ್ಣ ಮುಟ್ಟಿದರೆ ಒಣಗಿದೆ ಅನಿಸುತ್ತದೆ, ಆದರೆ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಕಬೋರ್ಡ್ ಬಾಗಿಲು ಒತ್ತಿ ಮುಚ್ಚಿದರೆ ಅಂಚು ಅಂಟಿಕೊಂಡು, ಎಳೆದಾಗ ಬಣ್ಣ ಕಿತ್ತು ಬರುತ್ತದೆ. ಮೊದಲ ಕೆಲವು ದಿನ ಸಂದಿಗೆ ಚಿಕ್ಕ ರಟ್ಟಿನ ತುಂಡು ಸಿಕ್ಕಿಸಿ. ಗೋಡೆಯನ್ನೂ ಅಲ್ಲಿಯವರೆಗೆ ತಿಕ್ಕಿ ತೊಳೆಯಬೇಡಿ.

ಬಣ್ಣದ ಹೆಸರು, ನಂಬರು, ಹೊಡೆಸಿದ ತಿಂಗಳನ್ನು ಒಂದು ಚೀಟಿಯಲ್ಲಿ ಬರೆದು ಸಿಂಕ್ ಪಕ್ಕದ ಬಾಗಿಲ ಒಳಬದಿಗೆ ಅಂಟಿಸಿ. ಉಳಿದ ಬಣ್ಣವನ್ನು ಕಂಠದವರೆಗೆ ತುಂಬುವಂಥ ಚಿಕ್ಕ ಡಬ್ಬಿಗೆ ಹಾಕಿಡಿ, ಗಾಳಿ ಕಡಿಮೆ ಇದ್ದಷ್ಟೂ ಕೆನೆ ಕಟ್ಟುವುದಿಲ್ಲ. ವರ್ಷದ ಮೇಲೆ ಎಲ್ಲಾದರೂ ಕೆರೆದುಹೋದರೆ ಮೊದಲು ಗೋಡೆಯ ಕೆಳಗಡೆ, ಕಣ್ಣಿಗೆ ಬೀಳದ ಕಡೆ ಸ್ವಲ್ಪ ಹಚ್ಚಿ ನೋಡಿ. ತೇಪೆ ಬೇರೆಯಾಗಿ ಕಂಡರೆ ಆ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಗೆ ಪೂರ್ತಿ ಹೊಡೆಸಿಬಿಡಿ. ಮೂಲೆಯಲ್ಲಿ ಬೆಳಕೇ ತಿರುಗುವುದರಿಂದ ಪಕ್ಕದ ಗೋಡೆಯ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.